ಮನೆ ಸುತ್ತಲಿನ ಹೂವು, ಹುಳು, ಚಿಟ್ಟೆ: ಹತ್ತಿರದಿಂದ ಫೋಟೊ ತೆಗೆಯುವ ಬಗೆ

ಹತ್ತಿರದಿಂದ ಫೋಟೊ ತೆಗೆಯಬೇಕೆನ್ನುವವರು ಮೊದಲು ಕೇಳುವುದು ಯಾವ ಲೆನ್ಸ್ ಕೊಳ್ಳಲಿ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಗಿಡದ ಮುಂದೆ ಕೂರಲಿ ಎಂದು. ಹುಳುಗಳು ಸಿಕ್ಕಸಿಕ್ಕಲ್ಲಿ ಇರುವುದಿಲ್ಲ. ಮೊಟ್ಟೆ ಇಡಲು, ಮೇಯಲು, ರಾತ್ರಿ ಕಳೆಯಲು ಅವಕ್ಕೆ ಗೊತ್ತಾದ ಜಾಗಗಳಿವೆ. ಆ ಗಿಡ ಗೊತ್ತಾದರೆ ಹುಳು ಸಿಗುತ್ತದೆ. ಹುಳು ಕೂತಲ್ಲೇ ಸಿಕ್ಕರೆ ಬರೀ ಫೋನಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ.

ಗಿಡ ಆರಿಸುವುದು

ಕುಂಡದಲ್ಲಿ ಒಂದು ನಿಂಬೆ ಗಿಡವೋ ಕರಿಬೇವೋ ಇದ್ದರೆ ಅಲ್ಲಿಂದಲೇ ಶುರುಮಾಡಿ. ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಚಿಟ್ಟೆಗಳು ಇವುಗಳ ಎಳೆ ಚಿಗುರನ್ನು ಹುಡುಕಿಕೊಂಡು ಬರುತ್ತವೆ. ಚಿಗುರೆಲೆಯ ಮೇಲೋ ಅಡಿಯಲ್ಲೋ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿಯ ದುಂಡು ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿರುತ್ತದೆ. ಮರಿಹುಳು ಮೊದಲ ಹಂತಗಳಲ್ಲಿ ಹಕ್ಕಿಯ ಹಿಕ್ಕೆಯ ಹಾಗೆ ಕಂದು-ಬಿಳಿ ಬಣ್ಣದಲ್ಲಿದ್ದು, ಕೊನೆಯ ಹಂತದಲ್ಲಿ ಎಲೆಯ ಹಸಿರಿಗೆ ತಿರುಗುತ್ತದೆ. ಎಲೆಯ ಅಂಚು ಅರ್ಧಚಂದ್ರಾಕಾರದಲ್ಲಿ ತಿಂದುಹೋಗಿದ್ದರೆ, ಕೆಳಗೆ ಕಪ್ಪು ಹಿಕ್ಕೆ ಉದುರಿದ್ದರೆ, ಹುಳು ಅದಕ್ಕೆ ನೇರ ಮೇಲಿನ ರೆಂಬೆಯಲ್ಲಿದೆ.

ಕೋಶ ಸಿಕ್ಕಿದರೆ ದಿನಕ್ಕೊಮ್ಮೆ ನೋಡುತ್ತಿರಿ. ಹೆಚ್ಚುಕಡಿಮೆ ಒಂದರಿಂದ ಎರಡು ವಾರ ಏನೂ ಬದಲಾದಂತೆ ಕಾಣುವುದಿಲ್ಲ. ಆಮೇಲೆ ಒಂದು ಸಂಜೆ ಕೋಶ ಕಪ್ಪಗಾಗಿ, ಸಿಪ್ಪೆಯೊಳಗಿಂದ ರೆಕ್ಕೆಯ ಚುಕ್ಕೆಗಳು ಕಾಣತೊಡಗುತ್ತವೆ. ಮರುದಿನ ಬೆಳಿಗ್ಗೆ ಬೇಗ ಎದ್ದು ಅಲ್ಲಿರಬೇಕು. ಸಿಪ್ಪೆ ಸೀಳುವುದರಿಂದ ಚಿಟ್ಟೆ ಹೊರಬರುವವರೆಗೆ ಒಂದೆರಡು ನಿಮಿಷವೂ ಆಗುವುದಿಲ್ಲ. ಮುದುಡಿದ ರೆಕ್ಕೆ ಬಿಚ್ಚಿ ಗಟ್ಟಿಯಾಗುವವರೆಗೆ ಅದು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಕದಲದೆ ನೇತಾಡುತ್ತದೆ. ಒಂದೂ ಹುರುಪೆ ಉದುರದ ರೆಕ್ಕೆಯನ್ನು ನಿಧಾನವಾಗಿ, ಎಲ್ಲ ಕೋನಗಳಿಂದ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕೋಶದಲ್ಲಿ ಸಣ್ಣ ದುಂಡು ತೂತು ಕಂಡರೆ ಮಾತ್ರ ಕಾಯಬೇಡಿ. ಪರಾವಲಂಬಿ ಕಣಜ ಅದನ್ನು ಒಳಗಿಂದ ತಿಂದು ಹೊರಬಿದ್ದಿದೆ.

ರಸ್ತೆ ಬದಿಯ ಎಕ್ಕವೂ ಇಷ್ಟೇ ಸಮೃದ್ಧ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ, ಹಳದಿ-ನೀಲಿ ಪಟ್ಟೆಯ ಎಕ್ಕದ ಮಿಡತೆ, ಎಳೆ ಕಾಂಡಕ್ಕೆ ಮುತ್ತಿದ ಹಳದಿ ಸಸ್ಯಹೇನು, ಅವನ್ನು ತಿನ್ನಲು ಬರುವ ಗುಲಗಂಜಿ ಹುಳು, ಹೂವಿಗೆ ಬರುವ ದೊಡ್ಡ ಕಪ್ಪು ದುಂಬಿ ಇಷ್ಟೂ ಒಂದೇ ಗಿಡದಲ್ಲಿ ಸಿಗುತ್ತವೆ. ಆದರೆ ಮುರಿದ ರೆಂಬೆಯ ಹಾಲು ಕೈಗೆ ತಾಗಿ, ಆ ಕೈ ಕಣ್ಣಿಗೆ ಹೋದರೆ ಕಣ್ಣಿನ ಪಾರದರ್ಶಕ ಪೊರೆಗೇ ಪೆಟ್ಟು. ವ್ಯೂಫೈಂಡರಿಗೆ ಕಣ್ಣಿಟ್ಟು ಕೆಲಸ ಮಾಡುವವರು ಎಕ್ಕದ ಬಳಿ ಹೋದಾಗ ಒಂದು ಬಾಟಲಿ ನೀರು ಇಟ್ಟುಕೊಳ್ಳಬೇಕು.

ತುಂಬೆ, ತುಳಸಿ, ಕಾಮಕಸ್ತೂರಿಗಳ ಹೂವಿಗೆ ಕೋಲುಜೇನು, ತುಡುವೆ, ನೀಲಿಪಟ್ಟೆಯ ಜೇನು ಬರುತ್ತವೆ. ಮಾವಿನ ಮರದಲ್ಲಿ ಚಗಳಿ ಇರುವೆ ಇದ್ದರೆ ಸಾಲಿನ ಅಂಚಿನಲ್ಲಿ ಒಂಟಿಯಾಗಿ ಓಡಾಡುವ ‘ಇರುವೆ’ಯನ್ನು ಗಮನಿಸಿ: ಕಾಲು ಎಂಟಿದ್ದು, ಮುಂದಿನ ಎರಡನ್ನು ಮೀಸೆಯಂತೆ ಎತ್ತಿ ಆಡಿಸುತ್ತಿದ್ದರೆ ಅದು ಇರುವೆಯ ವೇಷದ ಜೇಡ.

ಕಾಲದ ಮಾತು ಹೇಳುವುದಾದರೆ, ಬಯಲುಸೀಮೆಯಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕಳೆ ಹೂವು, ಚಿಟ್ಟೆ ಎರಡೂ ತುಂಬಿರುತ್ತವೆ. ಮಲೆನಾಡಿನಲ್ಲಿ ದರೆಯ ಮೇಲಿನ ಕರ್ಣಕುಂಡಲ, ಪಾಚಿ, ಜರಿಗಳಿಗೆ ಜುಲೈ-ಆಗಸ್ಟ್ ಬೇಕು, ಅಂದರೆ ಮಳೆಯಲ್ಲೇ ಕೆಲಸ.

ಹೊತ್ತು

ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ರಾತ್ರಿಯ ಚಳಿಗೆ ಕೀಟಗಳ ಮೈ ತಣ್ಣಗಿರುತ್ತದೆ, ಹಾರಲು ಬೇಕಾದ ಬಿಸಿ ಸ್ನಾಯುಗಳಲ್ಲಿ ಇರುವುದಿಲ್ಲ. ಗಾಳಿಯೂ ಈ ಹೊತ್ತಿಗೆ ಕಡಿಮೆ. ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಮೈಮೇಲೆ ಇಬ್ಬನಿ ಇದ್ದರೆ ಅದು ಒಣಗುವವರೆಗೆ ಅಲ್ಲೇ ಇರುತ್ತದೆ. ಎಂಟೂವರೆ ದಾಟಿದ ಮೇಲೆ ಚಿಟ್ಟೆಗಳು ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತವೆ. ರೆಕ್ಕೆಯ ಮೇಲ್ಭಾಗ ಬೇಕಿದ್ದರೆ ಆಗ ತೆಗೆಯಬೇಕು.

ಸಂಜೆ ಐದೂವರೆಯ ನಂತರ ಇನ್ನೊಂದು ಅವಕಾಶ ಇದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀಲಿಪಟ್ಟೆಯ ಜೇನಿನ ಗಂಡುಗಳು ಗೂಡಿಗೆ ಹೋಗದೆ, ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿ, ಸಾಲಾಗಿ ನಿದ್ದೆಹೋಗುತ್ತವೆ. ಬೇಲಿಯ ಒಣ ಬಳ್ಳಿ, ಸತ್ತ ತುಳಸಿಯ ಕಡ್ಡಿಗಳನ್ನು ನೋಡಿ. ಒಮ್ಮೆ ಆರಿಸಿಕೊಂಡ ಕಡ್ಡಿಗೆ ದಿನಾ ಮರಳುವುದೇ ಹೆಚ್ಚು. ಹಾಗಾಗಿ ಮೊದಲ ದಿನ ದೂರದಿಂದ ನೋಡಿ, ಯಾವ ಕಡೆಯಿಂದ ಹಿನ್ನೆಲೆ ಚೆನ್ನಾಗಿದೆ ಎಂದು ಗುರುತಿಟ್ಟುಕೊಂಡು ಬಂದರೂ ನಷ್ಟವಿಲ್ಲ. ಒಣ ಕಡ್ಡಿಯೆಂದು ಅದನ್ನು ಸವರಿ ಹಾಕದಂತೆ ಮನೆಯವರಿಗೆ ಹೇಳಿಡಿ.

ಸಲಕರಣೆ

ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 10 ಸೆಂ.ಮೀ. ಆಸುಪಾಸಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ದೊಡ್ಡ ಸೆನ್ಸರ್ ಇರುವ ದುಬಾರಿ ಫೋನುಗಳಲ್ಲಿ ಇದು ಇನ್ನೂ ದೂರ. ಹೊಸ ಫೋನು ಕೆಲವು ತಾವೇ ಅಲ್ಟ್ರಾವೈಡ್ ಲೆನ್ಸಿಗೆ ಬದಲಾಗಿ 2-3 ಸೆಂ.ಮೀ.ವರೆಗೂ ಹೋಗುತ್ತವೆ. ಹೂವಿಗೆ ಅದು ಸಾಕು. ಹುಳುವಿಗೆ ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಬೀಳುತ್ತದೆ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ‘ಮ್ಯಾಕ್ರೊ’ (ತೀರ ಹತ್ತಿರದ ಚಿತ್ರದ) ಕ್ಯಾಮೆರಾವನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲೇ 2ಎಕ್ಸ್ ಜೂಮ್ ಇಟ್ಟು ಸ್ವಲ್ಪ ದೂರದಿಂದ ತೆಗೆದು, ಆಮೇಲೆ ಕತ್ತರಿಸಿಕೊಂಡರೆ ಚಿತ್ರ ಹೆಚ್ಚು ಚೂಪಾಗಿರುತ್ತದೆ. ಕ್ಲಿಪ್ ಲೆನ್ಸ್ ಕೊಳ್ಳುವುದಾದರೆ ಅದರ ಮೇಲಿನ ಸಂಖ್ಯೆಯನ್ನು ಹೀಗೆ ಓದಿ: 25 ಸೆಂ.ಮೀ.ಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಹುಳುವಿಗೂ ಲೆನ್ಸಿಗೂ ಇರಬೇಕಾದ ಅಂತರ ಸಿಗುತ್ತದೆ. 10ಎಕ್ಸ್ ಅಂದರೆ 2.5 ಸೆಂ.ಮೀ., 4ಎಕ್ಸ್ ಅಂದರೆ 6 ಸೆಂ.ಮೀ. ದಾಟಿ. ಜೀವಂತ ಕೀಟಕ್ಕೆ 4ಎಕ್ಸ್ ಮೇಲು.

ಕ್ಯಾಮೆರಾ ಇದ್ದವರು ತಕ್ಷಣ ಮ್ಯಾಕ್ರೊ ಲೆನ್ಸ್ ಕೊಳ್ಳಬೇಕಾಗಿಲ್ಲ. 50 ಮಿ.ಮೀ. ಲೆನ್ಸಿನ ಹಿಂದೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೆ ಹುಳುವಿನ ನಿಜ ಗಾತ್ರದ ಅರ್ಧಕ್ಕಿಂತ ಹೆಚ್ಚು ಸೆನ್ಸರಿನ ಮೇಲೆ ಮೂಡುತ್ತದೆ. ಟ್ಯೂಬಿನೊಳಗೆ ಗಾಜಿಲ್ಲ, ಖಾಲಿ ಉಂಗುರ ಅಷ್ಟೇ. ಆದರೆ ವಿದ್ಯುತ್ ಸಂಪರ್ಕದ ಪಿನ್ ಇಲ್ಲದ ಅಗ್ಗದ ಟ್ಯೂಬ್ ತಂದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಬದಲಿಸಲು ಬರುವುದಿಲ್ಲ, ಅದನ್ನು ಕೇಳಿಕೊಂಡೇ ತನ್ನಿ. 55-250ರಂಥ ಟೆಲಿ ಲೆನ್ಸ್ ಇದ್ದವರಿಗೆ ರೇನಾಕ್ಸ್ ಡಿಸಿಆರ್-250ಯಂಥ ಲೆನ್ಸಿನ ಮುಂದೆ ಸಿಕ್ಕಿಸುವ ಲೆನ್ಸ್ ಇನ್ನೂ ಅನುಕೂಲ. ಇದರ ಶಕ್ತಿ 8 ಡಯಾಪ್ಟರ್. ಹುಳುವಿನಿಂದ ಸುಮಾರು 12 ಸೆಂ.ಮೀ. ದೂರದಲ್ಲಿ ಫೋಕಸ್ ಆಗುತ್ತದೆ, 250 ಮಿ.ಮೀ.ನಲ್ಲಿ ನಿಜ ಗಾತ್ರದ ಎರಡರಷ್ಟು ಸಿಗುತ್ತದೆ. ಜೂಮ್ ಹಿಂದಕ್ಕೆ ತಂದರೆ ಮೂಲೆಗಳು ಕಪ್ಪಾಗುತ್ತವೆ. ಮ್ಯಾಕ್ರೊ ಲೆನ್ಸೇ ಕೊಳ್ಳುವ ದಿನ ಬಂದಾಗ 60 ಮಿ.ಮೀ. ಬಿಟ್ಟು 90ರಿಂದ 105 ಮಿ.ಮೀ. ಆರಿಸಿಕೊಳ್ಳಿ. ಹೆಚ್ಚಿಗೆ ಸಿಗುವ ನಾಲ್ಕೈದು ಸೆಂ.ಮೀ. ಅಂತರದಲ್ಲೇ ಚಿಟ್ಟೆ ಕೂರುವುದೋ ಹಾರುವುದೋ ತೀರ್ಮಾನವಾಗುತ್ತದೆ.

ಫೋಕಸ್

ಹತ್ತಿರದ ಚಿತ್ರಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ನಿಜ ಗಾತ್ರದಲ್ಲಿ, ಅಪರ್ಚರ್ ಎಫ್/8 ಇಟ್ಟರೆ, ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾದಲ್ಲಿ ಚೂಪಾಗಿ ಬರುವ ಆಳ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ನೀವು ಉಸಿರಾಡಿದರೂ ಕ್ಯಾಮೆರಾ ಅದಕ್ಕಿಂತ ಹೆಚ್ಚು ಅಲುಗುತ್ತದೆ. ಆಳ ಹೆಚ್ಚಲೆಂದು ಕಿಂಡಿ ಕಿರಿದುಮಾಡಿ ಎಫ್/22ಕ್ಕೆ ಹೋದರೆ ಇನ್ನೊಂದು ತೊಂದರೆ: ಈ ಹತ್ತಿರದಲ್ಲಿ ಲೆನ್ಸಿನ ನಿಜವಾದ ಅಪರ್ಚರ್ ಸಂಖ್ಯೆ ಎರಡರಷ್ಟಾಗುತ್ತದೆ, ಬೆಳಕು ಚೆದುರಿ ಇಡೀ ಚಿತ್ರ ಮಂಕಾಗುತ್ತದೆ. ಎಫ್/8ರಿಂದ ಎಫ್/11 ಸರಿಯಾದ ಜಾಗ.

ಹೀಗೆ ಮಾಡಿ:

1. ಆಟೊಫೋಕಸ್ ಬಂದ್ ಮಾಡಿ. ಬೇಕಾದ ಗಾತ್ರ ಸಿಗುವ ಹಾಗೆ ಫೋಕಸ್ ರಿಂಗನ್ನು ಮೊದಲೇ ತಿರುಗಿಸಿಡಿ, ಮತ್ತೆ ಮುಟ್ಟಬೇಡಿ.
2. ಎರಡೂ ಮೊಣಕೈಯನ್ನು ಮೊಣಕಾಲಿಗೋ ನೆಲಕ್ಕೋ ಊರಿ. ಹುಳು ಕದಲದ ಹೊತ್ತಾಗಿದ್ದರೆ, ಅದು ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಕೆಳಗಡೆ ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಇಡಿ. ಈಗ ಗಾಳಿ ಬಂದರೆ ಹುಳು, ಲೆನ್ಸ್ ಎರಡೂ ಒಟ್ಟಿಗೆ ಅಲುಗುತ್ತವೆ, ಅಂತರ ಬದಲಾಗುವುದಿಲ್ಲ.
3. ಮೈಯನ್ನು ಕೂದಲೆಳೆಯಷ್ಟು ಮುಂದೆ ತನ್ನಿ. ಕಣ್ಣು ಚೂಪಾಗುತ್ತಿದ್ದಂತೆ, ಉಸಿರು ಬಿಟ್ಟ ಕೊನೆಯಲ್ಲಿ, ಮೂರರಿಂದ ಐದು ಚಿತ್ರ ಒಂದೇ ಬಾರಿಗೆ ತೆಗೆಯಿರಿ.
4. ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಕಣ್ಣನ್ನು ನೋಡಿ. ಕಣ್ಣಿನ ಬದಲು ಬೆನ್ನು ಚೂಪಾಗಿದ್ದರೆ ನೀವು ಮುಂದೆ ವಾಲುತ್ತಿದ್ದೀರಿ, ಸ್ವಲ್ಪ ಹಿಂದಿನಿಂದ ಶುರುಮಾಡಿ.

ಫೋನಿನಲ್ಲಿ ಹುಳುವಿನ ಮೇಲೆ ಬೆರಳು ಒತ್ತಿಹಿಡಿದರೆ ಫೋಕಸ್ ಬೀಗ ಬೀಳುತ್ತದೆ. ಆಮೇಲೆ ಇದೇ ರೀತಿ ಫೋನನ್ನೇ ಹಿಂದೆಮುಂದೆ ಮಾಡಬೇಕು. ಪ್ರೊ ಮೋಡ್ ಇದ್ದರೆ ಶಟರ್ ವೇಗ 1/250ಕ್ಕಿಂತ ಕೆಳಗೆ ಇಳಿಯದಂತೆ ಇಡಿ.

ಆಳ ಕಡಿಮೆ ಎಂದು ಕೊರಗುವ ಬದಲು ಕೋನ ಸರಿಮಾಡಿಕೊಳ್ಳಬಹುದು. ರೆಕ್ಕೆ ಮಡಿಚಿದ ಚಿಟ್ಟೆಗೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿದ್ದರೆ ಎಫ್/8ರಲ್ಲೇ ಮೀಸೆಯಿಂದ ರೆಕ್ಕೆಯ ತುದಿವರೆಗೂ ಚೂಪಾಗಿ ಬರುತ್ತದೆ. ಐದು ಡಿಗ್ರಿ ಓರೆಯಾದರೂ ಒಂದು ತುದಿ ಮಬ್ಬು.

ಬೆಳಕು

ಹಣ ಖರ್ಚು ಮಾಡುವ ಮನಸ್ಸಿದ್ದರೆ ಲೆನ್ಸಿಗಿಂತ ಮೊದಲು ಬೆಳಕಿಗೆ ಮಾಡಿ. ಖರ್ಚೂ ಹೆಚ್ಚಿಲ್ಲ.

ನಡುಹಗಲ ಬಿಸಿಲಿನಲ್ಲಿ ಹೂವಿನ ಒಂದು ಪಕ್ಕ ಸುಟ್ಟಂತೆ ಬೆಳ್ಳಗಾಗಿ ಇನ್ನೊಂದು ಪಕ್ಕ ಕಪ್ಪಾಗುತ್ತದೆ. ಬಿಳಿ ಪಂಚೆಯ ಒಂದು ಮಡಿಕೆಯನ್ನು ಯಾರಾದರೂ ಹೂವಿಗೂ ಸೂರ್ಯನಿಗೂ ನಡುವೆ ಹಿಡಿದರೆ ಸಾಕು, ಬೆಳಕು ಮೃದುವಾಗುತ್ತದೆ. ಹೂವಿಗೆ ಹತ್ತಿರ ಹಿಡಿದಷ್ಟೂ ನೆರಳು ಮೆತ್ತಗೆ. ಎದುರು ಪಕ್ಕ ಒಂದು ಬಿಳಿ ಹಾಳೆ ಇಟ್ಟರೆ ಕೆಳಗಿನ ಕತ್ತಲೂ ತುಂಬುತ್ತದೆ.

ಓಡಾಡುವ ಹುಳುವಿಗೆ, ಮೋಡದ ದಿನಕ್ಕೆ, ರಾತ್ರಿಗೆ ಫ್ಲ್ಯಾಶ್ ಬೇಕು. ಶುರುವಿಗೆ ಈ ಲೆಕ್ಕ ಇಟ್ಟುಕೊಳ್ಳಿ: ಮ್ಯಾನ್ಯುಯಲ್ ಮೋಡ್, ಐಎಸ್‌ಒ 200 (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ), ಶಟರ್ 1/200, ಎಫ್/11, ಫ್ಲ್ಯಾಶ್ 1/8 ಶಕ್ತಿ. ಚಿತ್ರ ಬೆಳ್ಳಗಾದರೆ 1/16, ಕಪ್ಪಾದರೆ 1/4. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದು ಭಾಗ ಮಾತ್ರ. ಅದರಿಂದ ಕೈ ನಡುಕ, ಗಿಡದ ತೂಗಾಟ ಎರಡೂ ಚಿತ್ರದಲ್ಲಿ ಕಾಣುವುದಿಲ್ಲ. ಹಿನ್ನೆಲೆ ಪೂರ್ತಿ ಕಪ್ಪಾಗುವುದು ಇಷ್ಟವಾಗದಿದ್ದರೆ ಐಎಸ್‌ಒ 800ಕ್ಕೆ ಏರಿಸಿ, ಶಟರನ್ನು 1/100ಕ್ಕೆ ಇಳಿಸಿ, ಫ್ಲ್ಯಾಶ್ ಎರಡು ಹಂತ ತಗ್ಗಿಸಿ. ಅಥವಾ ಹುಳುವಿನ ಹಿಂದೆ ಒಂದು ಅಗಲ ಎಲೆ ಬರುವ ಕೋನ ಹುಡುಕಿ.

ಬರಿಯ ಫ್ಲ್ಯಾಶ್ ಮಾತ್ರ ಯಾವತ್ತೂ ಬೇಡ. ಗುಲಗಂಜಿ ಹುಳುವಿನ ನುಣುಪು ಬೆನ್ನು ಕನ್ನಡಿಯೇ ಸರಿ. ಫ್ಲ್ಯಾಶಿನ ಆಯತ ಅದರ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಟಿ.ವಿ., ಪಿಂಗಾಣಿ ಸಾಮಾನು ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎ4 ಗಾತ್ರಕ್ಕೆ ಕತ್ತರಿಸಿ, ಒಂದು ತುದಿಯನ್ನು ಫ್ಲ್ಯಾಶಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇನ್ನೊಂದು ತುದಿ ಲೆನ್ಸಿನ ಮೂತಿಯ ಮೇಲೆ ಬಾಗಿ ಬರುವಂತೆ ಮಾಡಿ. ಹಾಳೆ ಹುಳುವಿಗೆ 8-10 ಸೆಂ.ಮೀ. ಹತ್ತಿರ ಇರಬೇಕು. ಫ್ಲ್ಯಾಶಿನ ಬಾಯಿಗೇ ಅಂಟಿಸಿದ ಸಣ್ಣ ಬಿಳಿ ಟೋಪಿಯಿಂದ ಪ್ರಯೋಜನವಿಲ್ಲ, ಏಕೆಂದರೆ ಹುಳುವಿನ ಕಣ್ಣಿಗೆ ಆ ದೀಪ ಮೊದಲಿನಷ್ಟೇ ಚಿಕ್ಕದು. ಒಂದು ಪದರದಲ್ಲಿ ನಡುವೆ ಬಿಳಿ ಚುಕ್ಕೆ ಉಳಿದರೆ ಟ್ರೇಸಿಂಗ್ ಪೇಪರಿನ ಇನ್ನೊಂದು ಪದರವನ್ನು ಎರಡು ಸೆಂ.ಮೀ. ಅಂತರ ಬಿಟ್ಟು ಸೇರಿಸಿ.

ಹೂವಿನ ಬಣ್ಣ

ಕೆಂಪು ದಾಸವಾಳ ಎಲ್ಲರನ್ನೂ ಸೋಲಿಸುತ್ತದೆ. ಚಿತ್ರದಲ್ಲಿ ದಳದ ಗೆರೆಗಳೆಲ್ಲ ಅಳಿಸಿಹೋಗಿ ಒಂದೇ ಕೆಂಪು ಹಾಳೆಯಾಗುತ್ತದೆ. ಒಟ್ಟಾರೆ ಬೆಳಕು ಸರಿಯಾಗಿದ್ದರೂ ಕೆಂಪು ವಾಹಿನಿ (ಕ್ಯಾಮೆರಾ ದಾಖಲಿಸುವ ಮೂರು ಬಣ್ಣಗಳಲ್ಲಿ ಕೆಂಪಿನ ಭಾಗ) ಒಂದೇ ತುಂಬಿ ಹರಿದಿರುವುದು ಇದಕ್ಕೆ ಕಾರಣ. ಎಕ್ಸ್‌ಪೋಶರ್ −0.7ರಿಂದ −1ಕ್ಕೆ ಇಳಿಸಿ, ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದ್ದರೆ ಕೆಂಪಿನ ಗುಡ್ಡ ಬಲ ಗೋಡೆಗೆ ತಾಗದಂತೆ ನೋಡಿ. ತುಂಬೆಯ ಬಿಳಿ ಹೂವಿಗೆ ಲೆಕ್ಕ ಬೇರೆ. ಹಸಿರಿನ ನಡುವೆ ಚಿಕ್ಕದಾಗಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಹಸಿರನ್ನು ಬೆಳಗಲು ಹೋಗಿ ಹೂವನ್ನು ಸುಡುತ್ತದೆ, ಆಗ −1 ಬೇಕು. ಚೌಕಟ್ಟು ತುಂಬ ಬಿಳಿಯೇ ಇದ್ದರೆ ಮೀಟರ್ ಅದನ್ನು ಬೂದಿ ಮಾಡುತ್ತದೆ, ಆಗ +0.7. ಶಂಖಪುಷ್ಪ, ವಿಷ್ಣುಕ್ರಾಂತಿಯ ನೀಲಿಗೆ ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ನಂಬದೆ 5200 ಕೆಲ್ವಿನ್ ಸುತ್ತ ಬೀಗ ಹಾಕಿ.

ಹಿನ್ನೆಲೆಗೆ ಒಂದೇ ಕೆಲಸ: ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಅಂಚನ್ನೂ ಒಮ್ಮೆ ಕಣ್ಣಾಡಿಸಿ ನೋಡುವುದು. ಬಿಳಿ ಕಡ್ಡಿ, ಪ್ಲಾಸ್ಟಿಕ್ ಚೂರು, ಬಿಸಿಲಿನ ಚುಕ್ಕೆ ಇದ್ದರೆ ನೀವೇ ಒಂದು ಗೇಣು ಸರಿಯಿರಿ. ಅಡ್ಡ ಬಂದ ಹುಲ್ಲನ್ನು ಕೀಳದೆ ಬಟ್ಟೆ ಕ್ಲಿಪ್ಪಿನಿಂದ ಪಕ್ಕಕ್ಕೆ ಹಿಡಿಸಿಡಬಹುದು. ತೂಗಾಡುವ ಹೂವಿನ ತೊಟ್ಟಿಗೂ ಇದೇ ಉಪಾಯ: ನೆಲಕ್ಕೆ ಊರಿದ ಕಡ್ಡಿಗೆ ಕ್ಲಿಪ್ ಕಟ್ಟಿ, ಚೌಕಟ್ಟಿನಿಂದ ಕೆಳಗೆ ತೊಟ್ಟನ್ನು ಸಡಿಲವಾಗಿ ಹಿಡಿಸಿ.

ಗಾಳಿಯಿಲ್ಲದ ಕಡೆ ಹೂವಿನ ಕೇಸರದಿಂದ ದಳದ ತುದಿವರೆಗೂ ಚೂಪಾಗಿ ಬೇಕಿದ್ದರೆ ಫೋಕಸ್ ಸ್ಟ್ಯಾಕಿಂಗ್ ಮಾಡಬಹುದು. ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಎಫ್/5.6ರಲ್ಲಿ ಹತ್ತರಿಂದ ಮೂವತ್ತು ಚಿತ್ರ, ಪ್ರತಿಸಲ ಫೋಕಸ್ ಸ್ವಲ್ಪ ಹಿಂದಕ್ಕೆ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶಗಳು ಇವನ್ನು ಒಂದಾಗಿಸುತ್ತವೆ. ಹೊರಗಿನ ಗಾಳಿಯಲ್ಲಿ ಇದಕ್ಕೆ ಕೈಹಾಕಿದರೆ ದಳದ ಅಂಚು ಎರಡೆರಡಾಗಿ ಮೂಡುತ್ತದೆ.

ಹುಳುವಿನ ಹತ್ತಿರ ಹೋಗುವುದು

ಮೊದಲ ಚಿತ್ರ ಒಂದು ಮೀಟರ್ ದೂರದಿಂದಲೇ ತೆಗೆದುಬಿಡಿ. ಆಮೇಲೆ ಬಗ್ಗಿ, ಹುಳುವಿನ ಎತ್ತರಕ್ಕೆ ಇಳಿದು, ನೇರ ರೇಖೆಯಲ್ಲಿ ನಿಧಾನಕ್ಕೆ ಹೋಗಿ. ಕೀಟದ ಕಣ್ಣಿಗೆ ಎದುರಿನಿಂದ ಮೆಲ್ಲಗೆ ದೊಡ್ಡದಾಗುವುದಕ್ಕಿಂತ ಅಡ್ಡಡ್ಡ ಸರಿಯುವುದು ಬೇಗ ಗೊತ್ತಾಗುತ್ತದೆ. ನಿಮ್ಮ ನೆರಳು ಚಿಟ್ಟೆಯ ಮೇಲೆ ಬಿದ್ದ ಕ್ಷಣ ಅದು ಎದ್ದುಹೋಗುತ್ತದೆ. ಏರೋಪ್ಲೇನ್ ಚಿಟ್ಟೆ ಹಾರಿಹೋದರೆ ಅಟ್ಟಿಸಿಕೊಂಡು ಹೋಗಬೇಡಿ, ಅಲ್ಲೇ ಕೂತಿರಿ. ಬಹಳಷ್ಟು ಜಾತಿಗಳು ಅದೇ ಕಡ್ಡಿಯ ತುದಿಗೆ ವಾಪಸು ಬರುತ್ತವೆ. ಜಿಗಿಯುವ ಜೇಡ ತಾನೇ ತಿರುಗಿ ಲೆನ್ಸಿನ ಕಡೆ ನೋಡುತ್ತದೆ, ಮುಂದಿನ ಎರಡು ದೊಡ್ಡ ಕಣ್ಣಿಗೆ ಫೋಕಸ್ ಇಟ್ಟು ಕಾಯ್ದರೆ ಸಾಕು.

ಹೆಜ್ಜೇನಿನ ಗೂಡಿಗೆ ಹತ್ತಿರ ಹೋಗುವುದು, ಫ್ಲ್ಯಾಶ್ ಹೊಡೆಯುವುದು ಬೇಡವೇ ಬೇಡ. ಕಂಬಳಿಹುಳುವಿನ ರೋಮ ಚರ್ಮಕ್ಕೆ ಹತ್ತಿದರೆ ಉಜ್ಜದೆ, ಅಂಟು ಟೇಪು ಒತ್ತಿ ಕಿತ್ತು ತೆಗೆಯಿರಿ. ಮಳೆಗಾಲದ ಹುಲ್ಲಿನಲ್ಲಿ ಮೊಣಕಾಲೂರುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಕೊಳಕುಮಂಡಲ ಮಲಗುವುದು ಇಂಥ ಜಾಗದಲ್ಲೇ. ರಾತ್ರಿ ಮುಚ್ಚಿದ ಶೂ, ಟಾರ್ಚ್ ಎರಡೂ ಇರಲಿ.

ಕದಲದಿರಲೆಂದು ಹುಳುವನ್ನು ಫ್ರಿಜ್ಜಿನಲ್ಲಿಟ್ಟು ತೆಗೆದ ಚಿತ್ರಗಳು ಹರಿದಾಡುತ್ತಿರುತ್ತವೆ. ಕಾಲು ಮೈಗೆ ಅಂಟಿದ, ಮೀಸೆ ಜೋತುಬಿದ್ದ ಆ ಭಂಗಿ ನೋಡಿದರೇ ತಿಳಿಯುತ್ತದೆ. ಅದು ಹಿಂಸೆ. ಮೊಟ್ಟೆ, ಮರಿಹುಳು ಇರುವ ಎಲೆ ಕಿತ್ತು ನೆರಳಿಗೆ ತರುವುದೂ ಬೇಡ; ಎಲೆ ಬಾಡಿದರೆ ಅದರ ಊಟ ಮುಗಿಯಿತು. ಎಲೆ ಮಡಿಚಿ ಕಟ್ಟಿಕೊಂಡ ಜೇಡರ ಗೂಡು ಬಿಚ್ಚಿ ನೋಡಿದರೆ ಮೊಟ್ಟೆ ಇರುವೆಗಳ ಪಾಲು.

ಹೆಸರು ಪತ್ತೆಗೆ ಬೇಕಾದ ಚಿತ್ರಗಳು

ಒಂದು ಚಂದದ ಚಿತ್ರದಿಂದ ಹೆಸರು ಸಿಗುವುದು ಅಪರೂಪ. ಗಿಡಕ್ಕೆ ಹೂವಿನ ಎದುರು, ಹೂವಿನ ಹಿಂಬದಿಯ ಪುಷ್ಪಪಾತ್ರೆ, ಎಲೆಯ ಎರಡೂ ಮುಖ, ಕಾಂಡಕ್ಕೆ ಎಲೆ ಎದುರುಬದುರಾಗಿ ಕೂತಿದೆಯೋ ಒಂದಾದ ಮೇಲೊಂದು ಕೂತಿದೆಯೋ ಎಂಬುದು, ಇಡೀ ಗಿಡ, ಜೊತೆಗೆ ಒಂದು ರೂಪಾಯಿ ನಾಣ್ಯ ಇಟ್ಟ ಒಂದು ಚಿತ್ರ ಬೇಕು. ಹುಳುವಿಗೆ ಮೇಲಿನಿಂದ, ಪಕ್ಕದಿಂದ, ಮುಖ. ಚಿಟ್ಟೆಯಾದರೆ ರೆಕ್ಕೆಯ ಒಳಮೈ, ಹೊರಮೈ ಎರಡೂ. ಯಾವ ಗಿಡದ ಮೇಲಿತ್ತು ಎಂಬುದನ್ನು ತಪ್ಪದೆ ಬರೆದಿಡಿ, ಮರಿಹುಳುವಿನ ಗುರುತು ಅರ್ಧ ಅದರಿಂದಲೇ ಸಿಗುತ್ತದೆ. ಜೇನು ಎಂದುಕೊಂಡದ್ದಕ್ಕೆ ರೆಕ್ಕೆ ಎರಡೇ ಇದ್ದು, ಮೀಸೆ ಮೊಂಡಾಗಿ, ಕಣ್ಣು ತಲೆ ತುಂಬ ಇದ್ದರೆ ಅದು ಹೂನೊಣ.

ಐನ್ಯಾಚುರಲಿಸ್ಟ್‌ನಲ್ಲೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ (ಇವೆರಡೂ ಜನ ಚಿತ್ರ ಹಾಕುವ ಜಾಲತಾಣಗಳು) ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ದಾಖಲೆಯೂ ಉಳಿಯುತ್ತದೆ. ಬಣ್ಣ ಹೆಚ್ಚಿಸಿದ ಪ್ರತಿಯ ಬದಲು ಮೂಲ ಚಿತ್ರ ಹಾಕಿ. ಊರಿನ ಮರದ ಮೇಲಿನ ಸೀತಾಳೆಯಂಥ ಆರ್ಕಿಡ್ ಸಿಕ್ಕಿದರೆ ಸ್ಥಳವನ್ನು ಮರೆಮಾಡುವ ಆಯ್ಕೆ ಒತ್ತಿ, ಕಿತ್ತು ಮಾರುವವರೂ ಅದೇ ನಕ್ಷೆ ನೋಡುತ್ತಾರೆ.

ಮಳೆ ಮತ್ತು ಲೆನ್ಸ್

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಬರುತ್ತದೆ. ಜೇಡರ ಬಲೆಯಂಥ ಎಳೆಗಳು ಒಳಗಾಜಿನ ಮೇಲೆ ಹರಡಿದರೆ ಲೇಪನವನ್ನೇ ತಿನ್ನುತ್ತವೆ, ಒರೆಸಿದರೂ ಹೋಗುವುದಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಅದರಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇಡಿ. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ಜೆಲ್ಲಿನ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೊದಲ ಬಣ್ಣ ಬರುವವರೆಗೆ ಹುರಿದು, ಪೂರ್ತಿ ಆರಿಸಿ ಮತ್ತೆ ಡಬ್ಬಿಗೆ ಹಾಕಿ. ಒದ್ದೆಯಾದ ಲೆನ್ಸನ್ನು ನೇರ ಡಬ್ಬಿಗೆ ಸೇರಿಸದೆ, ಮೊದಲು ಫ್ಯಾನಿನ ಕೆಳಗೆ ಒಂದು ರಾತ್ರಿ ಒಣಗಲು ಬಿಡಿ.